ಹಿತ್ತಲ ಮಡಿ, ಹತ್ತು ಬೆರಳು

ಮುರಗೋಡ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಸಂಗತಿ ಕೇಳಿವೆ: ಹೊಲವಿದೆ, ಬೆಳೆಯಿದೆ, ತಾಟಿನಲ್ಲಿ ಮಾತ್ರ ದಿನಾ ಅದೇ ರೊಟ್ಟಿ, ಅದೇ ಬ್ಯಾಳಿ ಯಾಕೆ? ಎಂಟು ಪತ್ರಗಳನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರು ಬಿಟ್ಟಿದ್ದೇನೆ, ಅವರ ಮಾತು ಹಾಗೇ ಇಟ್ಟಿದ್ದೇನೆ.

ಹೊಲದಾಗ ದುಡದು ಸಂತ್ಯಾಗ ಕೊಳ್ಳೂದ?

ಪ್ರಶ್ನೆ: ಅಕ್ಕಾರ, ನಮ್ಮದು ಮುರಗೋಡದ ಹತ್ತಿರ ಸಣ್ಣ ಊರು. ಮೂರು ಎಕರೆ ಹೊಲ ಐತಿ. ಎರಡು ಎಕರೆ ಗೊಂಜಾಳ, ಒಂದು ಎಕರೆ ಕಬ್ಬು. ಮನ್ಯಾಗ ಐದು ಮಂದಿ. ಮುಂಜಾನೆ ಚಾ, ಚುರುಮುರಿ. ಮಧ್ಯಾಹ್ನ ರೊಟ್ಟಿ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ. ರಾತ್ರಿ ಅದ, ಜೋಡಿಗೆ ರೇಷನ್ ಅಕ್ಕಿ ಅನ್ನ. ಸಂತಿಯಿಂದ ತಂದ ಕಾಯಿಪಲ್ಯೆ ಮೂರು ದಿನಕ್ಕ ಮುಗಿತೈತಿ. ಮೊನ್ನೆ ದವಾಖಾನ್ಯಾಗ ರಕ್ತ ನೋಡಿ ‘ಒಂಬತ್ತು ಐತಿ, ಕಾಯಿಪಲ್ಯೆ, ಹಣ್ಣು ತಿನ್ರಿ’ ಅಂದ್ರು. ಹೊಲದಾಗ ದುಡದು ಸಂತ್ಯಾಗ ಎಷ್ಟಂತ ಕೊಳ್ಳೂದ್ರಿ? ಮನಿ ಹಿಂದ ಬಚ್ಚಲಕ್ಕೂ ತಿಪ್ಪಿಗೂ ನಡುವ ಇಪ್ಪತ್ತು ಫೂಟ ಉದ್ದ, ಹದಿನೈದು ಫೂಟ ಅಗಲ ಜಾಗ ಖಾಲಿ ಐತಿ. ಏನು ಹಚ್ಚಲಿ?
— ಒಬ್ಬ ಸೊಸಿ

ಉತ್ತರ: ತಂಗೀ, ಮೊದಲು ರಕ್ತದ ಮಾತು. ಬಸುರಿಯಲ್ಲದ ಹೆಣ್ಣುಮಗಳಿಗೆ ಹಿಮೊಗ್ಲೋಬಿನ್ 12 ಗ್ರಾಂ ಇರಬೇಕು. 8ರಿಂದ 10.9ರ ನಡುವೆ ಇದ್ದರೆ ಅದನ್ನು ಮಧ್ಯಮ ರಕ್ತಹೀನತೆ ಅನ್ನುತ್ತಾರೆ. 9ಕ್ಕೆ ಇಳಿದ ರಕ್ತವನ್ನು ಸೊಪ್ಪೊಂದೇ ಮೇಲೆ ಎತ್ತಲಾರದು. ಕಬ್ಬಿಣದ ಗುಳಿಗೆ ಕೊಟ್ಟಿದ್ದರೆ ಹೇಳಿದಷ್ಟು ದಿನ ತಪ್ಪದೆ ನುಂಗಿ, ಕೊಟ್ಟಿಲ್ಲದಿದ್ದರೆ ಮತ್ತೆ ಹೋಗಿ ಕೇಳಿ. ಗುಳಿಗೆಗೆ ಒಂದು ತಾಸು ಮೊದಲೂ ಒಂದು ತಾಸು ನಂತರವೂ ಚಹಾ ಬೇಡ. ಚಹಾದ ಒಗರು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆ ಹಿಂಡಿದ ನೀರಿನ ಜೊತೆ ನುಂಗಿದರೆ ಒಳ್ಳೆಯದು. ಇದು ನಿಮ್ಮೊಬ್ಬರ ಪಾಡಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ, ಆರು ತಿಂಗಳು ದಾಟಿ ಐದು ವರ್ಷ ತುಂಬದ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇತ್ತು.

ಇನ್ನು ತಾಟಿಗೆ ಬರೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೆಣ್ಣುಮಕ್ಕಳ ಊಟದ ಬಗೆ ಅಳೆಯಲು ಹತ್ತು ಗುಂಪುಗಳ ಲೆಕ್ಕವೊಂದನ್ನು ಮಾಡಿದೆ. ಊರಿಗೂರೇ ಏನು ಉಣ್ಣುತ್ತಿದೆ ಎಂದು ನೋಡಲು ಮಾಡಿದ ಲೆಕ್ಕ ಅದು, ಒಬ್ಬರ ರೋಗ ಹೇಳಲಿಕ್ಕಲ್ಲ. ಆದರೂ ಒಲೆ ಮುಂದೆ ಕುಳಿತು ಎಣಿಸಲು ಬಲು ಹಗುರ, ಯಾಕೆಂದರೆ ನಮ್ಮ ಬೆರಳೂ ಹತ್ತೇ. ಎಡಗೈಯಲ್ಲಿ: ರೊಟ್ಟಿ, ಅನ್ನ, ಗಡ್ಡೆ ಒಂದು, ಬೇಳೆ-ಕಾಳು ಎರಡು, ಶೇಂಗಾ, ಎಳ್ಳು, ಅಗಸಿ, ಗುರೆಳ್ಳು ಮೂರು, ಹಾಲು, ಮೊಸರು, ಮಜ್ಜಿಗೆ ನಾಲ್ಕು, ಮಾಂಸ, ಮೀನು ಐದು. ಬಲಗೈಯಲ್ಲಿ: ತತ್ತಿ ಆರು, ಕಡುಹಸಿರು ಸೊಪ್ಪು ಏಳು, ಗಜ್ಜರಿ, ಕುಂಬಳ, ಪಪ್ಪಾಯಿ, ಮಾವಿನಂಥ ಒಳಗೆ ಕೇಸರಿ ಬಣ್ಣದವು ಎಂಟು, ಉಳಿದ ಕಾಯಿಪಲ್ಯೆ ಒಂಬತ್ತು, ಉಳಿದ ಹಣ್ಣು ಹತ್ತು. ನಿನ್ನೆ ಬೆಳಗಿನಿಂದ ಇಂದು ಬೆಳಗಿನವರೆಗೆ ತಿಂದದ್ದನ್ನು ನೆನೆದು ಬೆರಳು ಮಡಚಿ. ಐದಾದರೂ ಮಡಚಬೇಕು. ಒಗ್ಗರಣೆಗೆ ಬಿದ್ದ ನಾಲ್ಕು ಎಸಳು ಕರಿಬೇವು ಲೆಕ್ಕಕ್ಕಿಲ್ಲ. ಕನಿಷ್ಠ 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚದಷ್ಟು ಹೊಟ್ಟೆಗೆ ಹೋಗಿರಬೇಕು.

ನಿಮ್ಮ ಪತ್ರ ಓದುತ್ತ ನಾನು ಎಣಿಸಿದೆ. ರೊಟ್ಟಿ ಒಂದು, ಬ್ಯಾಳಿ ಎರಡು, ಹಿಂಡಿಯನ್ನು ಧಾರಾಳ ಹಚ್ಚಿಕೊಂಡಿದ್ದರೆ ಮೂರು. ಸಂತೆಯಾದ ಮೂರು ದಿನ ನಾಲ್ಕು. ಅಲ್ಲಿಗೆ ನಿಂತಿತು.

ನಿಮ್ಮ ಅತ್ತೆಯನ್ನು ಕೇಳಿ, ಅವರು ಸೊಸೆಯಾಗಿ ಬಂದಾಗ ಎಷ್ಟು ಬೆರಳು ಮಡಚುತ್ತಿದ್ದವೆಂದು. ಆಗ ಮುಂಗಾರಿ ಜೋಳ ಬಿತ್ತುವಾಗ ಕೂರಿಗೆಯ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಣ್ಣುಮಗಳು ಅಕ್ಕಡಿ ಸಾಲು ಬಿಡುತ್ತಿದ್ದಳು: ತೊಗರಿ, ಹೆಸರು, ಮಡಿಕೆ, ಅಲಸಂದಿ, ಅವರೆ, ನಡುನಡುವೆ ಪುಂಡಿ, ಸವತಿ. ಹಿಂಗಾರಿ ಬಿಳಿಜೋಳಕ್ಕೆ ಕುಸುಬಿ, ಕಡಲೆ, ಅಗಸಿಯ ಜೋಡಿ. ಜೋಳದ ಚೀಲ ಗಂಡಸರ ಲೆಕ್ಕ, ಅಕ್ಕಡಿ ಹೆಂಗಸರ ಲೆಕ್ಕ. ಯಾರೂ ಅದನ್ನು ಪೇಟೆಗೆ ಒಯ್ದು ತೂಗಿ ನೋಡಲಿಲ್ಲ, ಹಾಗಾಗಿ ಅದು ಹೋದದ್ದು ಯಾರ ಲೆಕ್ಕದಲ್ಲೂ ನಷ್ಟ ಎಂದು ಬರೆದಿಲ್ಲ. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಹರಿಯಿತು, ಆಮೇಲೆ ಬೋರುಗಳು ಬಿದ್ದವು. ನೀರು ಸಿಕ್ಕಲ್ಲೆಲ್ಲ ಅದು ಮೊದಲು ರೊಕ್ಕದ ಬೆಳೆಗೆ ಹೋಯಿತು. ನಿಮ್ಮ ಅಡಿಗೆಮನೆಯಲ್ಲಿ ಕಡಿಮೆಯಾದದ್ದು ಆ ಅಕ್ಕಡಿ ಸಾಲು. ಅದನ್ನೇ ಈಗ ಹಿತ್ತಲಿಗೆ ಕರೆತರಬೇಕು.

ನಿಮ್ಮ ಜಾಗ 300 ಚದರ ಫೂಟು. ಗುಂಟೆಗೆ 1,089 ಚದರ ಫೂಟು ಅಂದರೆ ಕಾಲು ಗುಂಟೆಗಿಂತ ತುಸು ಹೆಚ್ಚು. ಉದ್ದಕ್ಕೆ ಮೂರು ಫೂಟು ಅಗಲದ ಐದು ಮಡಿ, ನಡುವೆ ಒಂದೊಂದು ಫೂಟು ಕಾಲುದಾರಿ. ಮೂರೇ ಫೂಟು ಯಾಕೆಂದರೆ, ಎರಡೂ ಬದಿಯಿಂದ ಕೈ ಚಾಚಿದರೆ ನಡುಮಧ್ಯ ಮುಟ್ಟಬೇಕು, ಮಡಿ ತುಳಿಯಬಾರದು. ಎರೆ ಮಣ್ಣಾದರೆ ಮಳೆಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ; ಮಡಿಯನ್ನು ಅರ್ಧ ಫೂಟು ಎತ್ತರಿಸಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದಿಷ್ಟು ಮಸಾರಿ ಮಣ್ಣು ಬೆರೆಸಿ.

ಮೊದಲ ಎರಡು ಮಡಿ ಸೊಪ್ಪಿಗೆ: ಮೆಂತ್ಯೆ, ರಾಜಗಿರಿ, ಪಾಲಕ, ಪುಂಡಿ, ಕೊತ್ತಂಬರಿ. ಮೆಂತ್ಯೆ, ರಾಜಗಿರಿ ತಿಂಗಳೊಪ್ಪತ್ತಿಗೆ ಕೈಗೆ ಬರುತ್ತವೆ. ಹೆಂಗಸರು ಇಲ್ಲಿ ಮಾಡುವ ತಪ್ಪು ಒಂದೇ: ಇದ್ದ ಬೀಜವನ್ನೆಲ್ಲ ಒಂದೇ ದಿನ ಚೆಲ್ಲಿಬಿಡುವುದು. ಆಗ ಒಂದು ವಾರ ಮೆಂತ್ಯೆಯ ಸುಗ್ಗಿ, ಆಮೇಲೆ ತಿಂಗಳೆಲ್ಲ ಉಪವಾಸ. ಮಡಿಯನ್ನು ನಾಲ್ಕು ತುಂಡು ಮಾಡಿ, ಹತ್ತು ದಿನಕ್ಕೊಂದು ತುಂಡು ಬಿತ್ತಿ. ಮೂರನೆಯದು ಬದನೆ, ಟೊಮೆಟೊ, ಮೆಣಸಿನಕಾಯಿಗೆ. ನಾಲ್ಕನೆಯದು ಮೂಲಂಗಿ, ಉಳ್ಳಾಗಡ್ಡಿ, ಚಳಿಗಾಲದಲ್ಲಿ ಗಜ್ಜರಿ. ಐದನೆಯದು ಚವಳಿ, ಅಲಸಂದಿ. ಬೇಲಿಗೆ ಹೀರೆ, ತೊಂಡೆ, ಅವರೆ ಹಬ್ಬಿಸಿ. ತಿಪ್ಪೆಯ ಅಂಚಿನಲ್ಲಿ ಕುಂಬಳದ ಬಳ್ಳಿ, ಬಚ್ಚಲ ಬದಿಗೆ ಎರಡು ಪಪ್ಪಾಯಿ, ಒಂದು ಬಾಳೆ. ಒಂದು ಮೂಲೆಗೆ ನುಗ್ಗೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ ಬೇಗ ಕಾಯಿ ಬಿಡುತ್ತದೆ. ನುಗ್ಗೆಯನ್ನು ಮೂರು-ನಾಲ್ಕು ಫೂಟಿಗೆ ಚಿವುಟುತ್ತಿದ್ದರೆ ಸೊಪ್ಪು ಕೈಗೆಟುಕುತ್ತದೆ, ಟೊಂಗೆ ಮುರಿದು ಬೀಳುವ ಭಯವೂ ಇಲ್ಲ.

ಸುಳ್ಳು ಆಸೆ ಹುಟ್ಟಿಸಲಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಒಬ್ಬರಿಗೆ ದಿನಕ್ಕೆ 400 ಗ್ರಾಂ ಕಾಯಿಪಲ್ಯೆ-ಸೊಪ್ಪು ಬೇಕು. ಐದು ಮಂದಿಗೆ ಎರಡು ಕಿಲೋ. ಕಾಲು ಗುಂಟೆ ಅಷ್ಟು ಕೊಡದು. ಆದರೆ ಏಳನೆಯ ಮತ್ತು ಎಂಟನೆಯ ಬೆರಳನ್ನು, ಅಂದರೆ ಸಂತೆಯಿಂದ ತಂದರೆ ಬಾಡಿಹೋಗುವ ಸೊಪ್ಪು ಮತ್ತು ರೊಕ್ಕ ಕೊಟ್ಟು ತರದ ಹಣ್ಣು-ಕುಂಬಳವನ್ನು, ಅದು ಮಡಚಿಸುತ್ತದೆ. ಬೇಯಿಸುವಾಗ ಒಂದು ಚಮಚ ಎಣ್ಣೆ ಇರಲಿ. ಸೊಪ್ಪಿನೊಳಗಿನ ‘ಎ’ ಜೀವಸತ್ವದ ಅಂಶ ಮೈಗೆ ಹತ್ತಲು ಜಿಡ್ಡು ಬೇಕು.

ರೊಟ್ಟಿ ತಿಂದ ಗಟ್ಟಿ ಇದ್ದೀವಲ್ಲ?

ಪ್ರಶ್ನೆ: ಯವ್ವಾ, ನನಗ ಎಂಬತ್ತರ ಹತ್ತಿರ ಆತು. ಬೈಲಹೊಂಗಲ ಕಡೆಯ ಎರಿ ಹೊಲ, ಹತ್ತಿ ಬೆಳದ ಮನಿ. ನಾವು ಜೋಳದ ರೊಟ್ಟಿ, ಖಾರ, ಉಳ್ಳಾಗಡ್ಡಿ ತಿಂದ ದುಡದೀವಿ. ಈಗಿನವರು ವಿಟಮಿನ್ನು, ಅದು ಇದು ಅಂತ ಹೆಣ್ಣುಮಕ್ಕಳ ತಲಿ ಕೆಡಸ್ತೀರಿ. ರೊಟ್ಟಿಗಿಂತ ಹೆಚ್ಚಿಂದ ಏನೈತಿ?
— ಒಬ್ಬ ಅಜ್ಜ

ಉತ್ತರ: ಅಜ್ಜಾರ, ಶರಣು. ರೊಟ್ಟಿಯ ಮೇಲೆ ನನಗೂ ತಕರಾರಿಲ್ಲ. ಆದರೆ ಖಾರ-ಉಳ್ಳಾಗಡ್ಡಿಯ ಜೊತೆ ನೀವು ಮರೆತದ್ದನ್ನು ನಾನು ನೆನಪಿಸಲೇ? ಹೊಲಕ್ಕೆ ಬುತ್ತಿ ಒಯ್ದಾಗ ಬದುವಿನ ಹಕ್ಕರಕಿ ಕಿತ್ತು ಹಸಿಯಾಗಿ ಕಚ್ಚಿಕೊಂಡಿರಿ. ಕಡಲೆ ಗಿಡದ ಕುಡಿ ಚಿವುಟಿ ತಂದು ಅಜ್ಜಿ ಪಲ್ಯೆ ಮಾಡಿದಳು. ಕರೆಯುವ ಎಮ್ಮೆ ಇತ್ತು, ಮಜ್ಜಿಗೆ ಮಾರುವ ವಸ್ತುವಾಗಿರಲಿಲ್ಲ. ಮಡಿಕೆ, ಹುರಳಿ, ಅಗಸಿ ಹಿಂಡಿ, ಎಳೆಸವತಿ. ನೀವು ಗಟ್ಟಿಯಾಗಿರುವುದು ರೊಟ್ಟಿಯಿಂದಲೂ ಹೌದು, ರೊಟ್ಟಿಯ ಸಂಗಡಿಗರಿಂದಲೂ ಹೌದು.

ಸಂಗಡಿಗರಿಲ್ಲದೆ ರೊಟ್ಟಿಯೊಂದೇ ಉಳಿದಾಗ ಏನಾಯಿತೆಂಬುದಕ್ಕೆ ಇದೇ ದಖನ್ನಿನ ಸಾಕ್ಷಿ ಇದೆ. ಪೆಲಾಗ್ರಾ ಎಂಬ ಕಾಯಿಲೆ: ಬಿಸಿಲು ಬೀಳುವ ಕೈ-ಕಾಲು, ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ. ‘ಬಿ’ ಗುಂಪಿನ ನಯಾಸಿನ್ ಜೀವಸತ್ವದ ಕೊರತೆಯಿಂದ ಬರುತ್ತದೆ. ಹೈದರಾಬಾದಿನ ಆಸುಪಾಸು ಜೋಳವನ್ನೇ ನೆಚ್ಚಿದ ಬಡವರಲ್ಲಿ ಇದನ್ನು ಕಂಡ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರಲ್ಲಿ, ಜೋಳದ ಪ್ರೋಟೀನಿನಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಇದಕ್ಕೆ ಕಾರಣವಿರಬಹುದೆಂದು ಬರೆದರು. ಲ್ಯೂಸಿನ್ ಬಗ್ಗೆ ಆಮೇಲೆ ವಿಜ್ಞಾನಿಗಳಲ್ಲೇ ವಾದ ನಡೆಯಿತು. ವಾದವಿಲ್ಲದ ಮಾತೆಂದರೆ, ಊಟದಲ್ಲಿ ಕಾಳು, ಹಾಲು, ಸೊಪ್ಪು ಬೆರೆತ ಮನೆಗಳಿಗೆ ಅದು ಕಾಲಿಡಲಿಲ್ಲ.

ನೀವು ಹತ್ತಿ ಬೆಳೆದವರು, ಹಾಗಾಗಿ ಇನ್ನೊಂದು ಸಂಗತಿ. ಸುಮಾರು ನೂರು ವರ್ಷದ ಹಿಂದೆ, 1916ರಲ್ಲಿ, ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಹತ್ತಿ ಗಿರಣಿಯ ಊರುಗಳಲ್ಲಿ ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಮತ್ತು ಎಡ್ಗರ್ ಸಿಡೆನ್‌ಸ್ಟ್ರಿಕರ್ ಮನೆಮನೆಗೆ ಹೋಗಿ ಊಟ, ಆದಾಯ, ಕಾಯಿಲೆ ಮೂರನ್ನೂ ಬರೆದುಕೊಂಡರು. ಅಲ್ಲಿಯ ಬಡವರದು ಗೊಂಜಾಳದ ಊಟ. ಕೂಲಿ ಹೆಚ್ಚುಕಡಿಮೆ ಒಂದೇ ಇದ್ದರೂ ಒಂದೂರಲ್ಲಿ ಪೆಲಾಗ್ರಾ, ಇನ್ನೊಂದೂರಲ್ಲಿ ಇಲ್ಲ. ಕಾರಣ ಹುಡುಕಿದರೆ, ಕಾಯಿಲೆಯ ಊರಿನ ಸುತ್ತ ಬರೀ ಹತ್ತಿ ಹೊಲ. ಇನ್ನೊಂದರ ಸುತ್ತ ಹಾಲು, ಮಾಂಸ, ಕಾಯಿಪಲ್ಯೆ ತಂದು ಮಾರುವ ರೈತರು. ಹೊಲ ಒಂದೇ ಬೆಳೆಗೆ ಇಳಿದರೆ ಊರಿನ ತಾಟೂ ಒಂದೇ ಬೆಳೆಗೆ ಇಳಿಯುತ್ತದೆ ಎಂದು ಅವರಿಗೆ ಲೆಕ್ಕದಲ್ಲಿ ಸಿಕ್ಕಿತು. ಮನೆಯ ಹೆಣ್ಣುಮಕ್ಕಳ ತಲೆ ಕೆಡಿಸಿದ್ದಕ್ಕೆ ಕ್ಷಮೆ ಇರಲಿ. ಬಿತ್ತನೆ ಕಾಲಕ್ಕೆ ಅಕ್ಕಡಿ ಹೇಗೆ ಬಿಡುವುದೆಂದು ಅವರಿಗೆ ತೋರಿಸಬಲ್ಲವರು ನೀವೇ.

ಬ್ಯಾಸಗ್ಯಾಗ ಕುಡಿಯಾಕ ನೀರಿಲ್ಲ

ಪ್ರಶ್ನೆ: ನಾನು ಸವದತ್ತಿ ತಾಲ್ಲೂಕಿನ ಒಂದು ಅಂಗನವಾಡಿಯೊಳಗ ಕೆಲಸ ಮಾಡ್ತೀನ್ರಿ. ತಾಯಂದಿರಿಗೆ ಕೈತೋಟ ಮಾಡ್ರಿ ಅಂತ ಹೇಳಬೇಕು. ‘ಅಕ್ಕೋರ, ಮಾರ್ಚದಾಗ ಕುಡಿಯಾಕ ನೀರಿಗೆ ಸರತಿ ಹಚ್ಚತೀವಿ, ಪಲ್ಯೆಕ್ಕ ಎಲ್ಲಿಂದ ತರೂದು’ ಅಂತಾರ. ನನ್ನ ಹಂತ್ಯಾಕ ಉತ್ತರ ಇಲ್ಲ.
— ಅಂಗನವಾಡಿ ಕಾರ್ಯಕರ್ತೆ

ಉತ್ತರ: ಅಕ್ಕೋರ, ನೀವು ಹೇಳುವ ತಾಯಂದಿರ ಮಾತು ಸರಿ. ಕಿತ್ತೂರಿನ ಕಡೆ ಭತ್ತಕ್ಕಾಗುವಷ್ಟು ಬೀಳುವ ಮಳೆ ಪೂರ್ವಕ್ಕೆ ಬಂದಂತೆ ಸೊರಗುತ್ತದೆ. ಸವದತ್ತಿ, ರಾಮದುರ್ಗವನ್ನು ಕೃಷಿ ಇಲಾಖೆಯೇ ಉತ್ತರ ಒಣ ವಲಯಕ್ಕೆ ಸೇರಿಸಿದೆ. ಅಲ್ಲಿ ವರ್ಷವಿಡೀ ಹಸಿರು ಮಡಿ ಇರಲೇಬೇಕೆಂದು ಹಟ ಹಿಡಿದರೆ ಹೆಣ್ಣುಮಕ್ಕಳ ತಲೆಯ ಮೇಲೆ ಇನ್ನೊಂದು ಕೊಡ ಏರಿಸಿದಂತೆ. ಆದ್ದರಿಂದ ವರ್ಷವನ್ನು ಮೂರು ಪಾಲು ಮಾಡಿ ಹೇಳಿ.

ಜೂನ್‌ನಿಂದ ಸೆಪ್ಟೆಂಬರ್: ಮಳೆಯೇ ಬೆಳೆಸುತ್ತದೆ. ಬಳ್ಳಿ, ಪುಂಡಿ, ರಾಜಗಿರಿ, ಅಲಸಂದಿ. ಅಕ್ಟೋಬರ್‌ನಿಂದ ಫೆಬ್ರುವರಿ: ತಂಪು, ನೀರು ಕಡಿಮೆ ಸಾಕು. ಮೆಂತ್ಯೆ, ಮೂಲಂಗಿ, ಗಜ್ಜರಿ, ಟೊಮೆಟೊ, ಬದನೆ. ಮಾರ್ಚ್‌ನಿಂದ ಮೇ: ಮಡಿಗೆ ರಜೆ, ಗಿಡಮರಕ್ಕೆ ಕೆಲಸ. ನುಗ್ಗೆ, ಕರಿಬೇವು, ನಿಂಬೆ, ಪಪ್ಪಾಯಿ ಮೊದಲ ವರ್ಷ ಬದುಕಿಕೊಂಡರೆ ಆಮೇಲೆ ಬಚ್ಚಲ ನೀರಿನಲ್ಲೇ ದಿನ ದೂಡುತ್ತವೆ.

ಆ ಬಚ್ಚಲ ನೀರನ್ನು ಎಣಿಸಿ ನೋಡಿ. ಒಬ್ಬರ ಸ್ನಾನಕ್ಕೆ 15 ಲೀಟರ್ ಹಿಡಿದರೂ ಐದು ಮಂದಿಗೆ 75. ಪಾತ್ರೆ ತೊಳೆದದ್ದು ಸೇರಿದರೆ ನೂರು ಲೀಟರ್ ದಿನಾ ರಸ್ತೆಗೆ ಹರಿದು ಸೊಳ್ಳೆ ಸಾಕುತ್ತಿದೆ. ಬಚ್ಚಲ ಬಾಯಿಗೆ ಒಂದು ಸಣ್ಣ ಗುಂಡಿ ತೋಡಿ, ಕೆಳಗೆ ದಪ್ಪಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಉಸುಕು ತುಂಬಿ ಅದರ ಮೂಲಕ ಗಿಡದ ಪಾತಿಗೆ ಹರಿಸಿ. ಮೂರು ಎಚ್ಚರ: ಬಟ್ಟೆ ಒಗೆದ ಸೋಪಿನ ಪುಡಿಯ ನೀರು ಬೇಡ, ಅದರ ಉಪ್ಪು ಎರೆ ಮಣ್ಣನ್ನು ಕೆಡಿಸುತ್ತದೆ, ಎಲೆಯ ಮೇಲೆ ಸುರಿಯಬೇಡಿ, ಬುಡಕ್ಕೆ ಮಾತ್ರ, ಕೊತ್ತಂಬರಿ, ಮೂಲಂಗಿಯಂಥ ಹಸಿಯಾಗಿ ತಿನ್ನುವುದಕ್ಕೆ ಈ ನೀರು ಸಲ್ಲದು. ಬಳ್ಳಿಯ ಬುಡಕ್ಕೆ ಬಣ್ಣ ಹಚ್ಚದ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ, ಅದು ಜಿನುಗುತ್ತ ನಾಲ್ಕಾರು ದಿನ ಬೇರಿಗೆ ತಂಪು ಕೊಡುತ್ತದೆ.

ಇನ್ನು ಬೇಸಿಗೆಯ ಪಲ್ಯೆಯನ್ನು ಚಳಿಗಾಲದಲ್ಲೇ ಕೂಡಿಡುವ ವಿದ್ಯೆ ನಮ್ಮಲ್ಲಿ ಇದ್ದದ್ದೇ. ಕಡಲೆ ಸೊಪ್ಪನ್ನು ಒಣಗಿಸಿ ಗಡಿಗೆಯಲ್ಲಿಟ್ಟು ಬೇಸಿಗೆಗೆ ಬೇಳೆಯ ಜೊತೆ ಬೇಯಿಸುತ್ತಿದ್ದರು. ಮೆಂತ್ಯೆ, ನುಗ್ಗೆ ಸೊಪ್ಪಿಗೂ ಅದೇ ದಾರಿ. ಬಿಸಿಲಿಗೆ ಹರಡಬೇಡಿ, ನೆರಳಿನಲ್ಲಿ, ತೆಳುಬಟ್ಟೆ ಮುಚ್ಚಿ ಒಣಗಿಸಿ. ಬಿಸಿಲು ‘ಎ’ ಜೀವಸತ್ವದ ಅಂಶವನ್ನು ಸುಟ್ಟುಬಿಡುತ್ತದೆ.

ನೆಲ ಇಲ್ಲದ ಮನಿ

ಪ್ರಶ್ನೆ: ರಾಮದುರ್ಗದಾಗ ಮಗ್ಗದ ಮನಿ ನಮ್ಮದು. ಬಾಡಿಗಿ, ತಗಡಿನ ಮಾಳಿಗಿ. ಒಂದು ಗೇಣು ಮಣ್ಣಿಲ್ಲ. ಕೈತೋಟದ ಮಾತು ಹೊಲ ಇದ್ದವರಿಗಷ್ಟೇ ಏನು?
— ನೇಕಾರ ಗೃಹಿಣಿ

ಉತ್ತರ: ಅಲ್ಲ ತಾಯೀ. ಆದರೆ ನಿಮಗೆ ಕಾಯಿ ಬೆಳೆಸಲು ಹೇಳುವುದಿಲ್ಲ, ಸೊಪ್ಪಷ್ಟೇ. ಮುಂಬಾಗಿಲಲ್ಲಿ ನಾಲ್ಕು ತಾಸು ಬಿಸಿಲು ಬಿದ್ದರೆ ಸಾಕು. ಹಳೆಯ ಗೊಬ್ಬರದ ಚೀಲ ಬೇಡ. ಅಕ್ಕಿ ಚೀಲವನ್ನು ಅರ್ಧಕ್ಕೆ ಮಡಚಿ, ತಳಕ್ಕೆ ನಾಲ್ಕು ತೂತು ಮಾಡಿ, ಮಣ್ಣು-ಗೊಬ್ಬರ ಸಮಪಾಲು ತುಂಬಿ. ಒಂದರಲ್ಲಿ ಮೆಂತ್ಯೆ, ಒಂದರಲ್ಲಿ ಪಾಲಕ, ಒಂದರಲ್ಲಿ ಬಸಳೆ. ಪಾಲಕ, ಬಸಳೆಯನ್ನು ಬೇರು ಸಹಿತ ಕೀಳದೆ ಎಲೆಯಷ್ಟೇ ಬಿಡಿಸಿದರೆ ತಿಂಗಳುಗಟ್ಟಲೆ ಬರುತ್ತವೆ.

ಮಣ್ಣೇ ಬೇಡದ ಬೆಳೆಯೂ ಒಂದಿದೆ: ಮೊಳಕೆ. ರಾತ್ರಿ ನೆನೆಸಿದ ಮಡಿಕೆ ಅಥವಾ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೂಗು ತೆಗೆಯುತ್ತದೆ. ಮೊಳೆತಾಗ ಕಾಳಿನಲ್ಲಿ ‘ಸಿ’ ಜೀವಸತ್ವ ಹುಟ್ಟುತ್ತದೆ. ಮಕ್ಕಳಿಗೆ ಹಸಿಯಾಗಿ ಕೊಡದೆ ಒಂದು ಕುದಿ ಬರಿಸಿ ಕೊಡಿ. ಒಂದು ಮಾತು: ಮೊಳಕೆ ಎಷ್ಟು ತಿಂದರೂ ಮಡಚುವುದು ಕಾಳಿನ ಬೆರಳನ್ನೇ, ಸೊಪ್ಪಿನ ಬೆರಳನ್ನಲ್ಲ. ಎರಡೂ ಬೇಕು.

ತಗದಿಟ್ಟ ಬೀಜ ಕೈ ಕೊಟ್ಟಿತು

ಪ್ರಶ್ನೆ: ಕಿತ್ತೂರ ಹತ್ತಿರದಾಂವ. ಹ್ವಾದ ವರ್ಷ ಅಂಗಡಿ ಹೈಬ್ರಿಡ್ ಟೊಮೆಟೊ ಭಾಳ ಚಲೋ ಬಂತು. ಅದರ ಬೀಜ ತಗದಿಟ್ಟು ಈ ವರ್ಷ ಹಾಕಿದರ ಒಂದೊಂದು ಗಿಡ ಒಂದೊಂದು ಥರ. ನಮ್ಮವ್ವ ಇಟ್ಟ ಅವರಿ ಬೀಜ ಮಾತ್ರ ಮೊದಲಿನಂಗ ಬಂತು. ಹಿಂಗ್ಯಾಕ?
— ಸಣ್ಣ ರೈತ

ಉತ್ತರ: ತಮ್ಮಾ, ಹೈಬ್ರಿಡ್ ಅಂದರೆ ಎರಡು ಬೇರೆ ತಳಿಗಳ ಮೊದಲ ಪೀಳಿಗೆ. ಅದರ ಬೀಜ ಬಿತ್ತಿದರೆ ಎರಡನೆಯ ಪೀಳಿಗೆಯಲ್ಲಿ ಅಜ್ಜ-ಅಜ್ಜಿಯರ ಗುಣಗಳೆಲ್ಲ ಬಿಡಿಬಿಡಿಯಾಗಿ ಹೊರಬೀಳುತ್ತವೆ. ಬೀಜ ಕೆಟ್ಟದ್ದಲ್ಲ, ಹೈಬ್ರಿಡ್‌ನ ಸ್ವಭಾವವೇ ಅದು. ನಿಮ್ಮವ್ವನ ಅವರೆ ನಾಟಿ ಬೀಜ, ಹಾಗಾಗಿ ತಾಯಿಯಂತೆ ಮಗಳು. ಹಿತ್ತಲಿಗೆ ನಾಟಿ ಬೀಜವೇ ಸರಿ, ವರ್ಷ ವರ್ಷ ಅಂಗಡಿ ಮೆಟ್ಟಿಲು ಹತ್ತುವುದು ತಪ್ಪುತ್ತದೆ.

ಅವರೆ, ಅಲಸಂದಿ, ಮೆಂತ್ಯೆ, ನಾಟಿ ಟೊಮೆಟೊ ಹೆಚ್ಚಾಗಿ ತಮ್ಮೊಳಗೇ ಪರಾಗ ಹೊಂದುತ್ತವೆ. ಚೆನ್ನಾಗಿ ಬಂದ ಗಿಡಕ್ಕೆ ದಾರ ಕಟ್ಟಿ ಬೀಜಕ್ಕೆಂದು ಬಿಟ್ಟರಾಯಿತು. ಹೀರೆ, ಸೋರೆ, ಕುಂಬಳ, ಸವತಿ ಹಾಗಲ್ಲ, ಜೇನುಹುಳ ಪಕ್ಕದ ಹಿತ್ತಲಿನ ಪರಾಗ ತರುತ್ತದೆ. ನಾಳೆ ಅರಳುವ ಹೆಣ್ಣುಹೂವಿಗೆ ಇಂದು ಸಂಜೆಯೇ ಬಟ್ಟೆಯ ಚೀಲ ಕಟ್ಟಿ, ಅರಳಿದಾಗ ಅದೇ ತಳಿಯ ಗಂಡುಹೂವನ್ನು ಮುಟ್ಟಿಸಿ ಮತ್ತೆ ಕಟ್ಟಿ. ಎಚ್ಚರವೊಂದು: ಸೋರೆ, ಸವತಿ ಕಹಿ ಹತ್ತಿದರೆ ಸಕ್ಕರೆ ಹಾಕಿ ಮುಗಿಸಬೇಡಿ, ಎಸೆಯಿರಿ. ಆ ಕಹಿ ವಿಷವೇ ಆಗಬಲ್ಲದು.

ಬೀಜವನ್ನು ಕಟಕಟ ಅನ್ನುವಷ್ಟು ಒಣಗಿಸಿ, ಜರಡಿ ಹಿಡಿದ ಬೂದಿಯಲ್ಲಿ ಬೆರೆಸಿ ಗಡಿಗೆಯಲ್ಲಿಡಿ. ಬಿತ್ತುವ ಮೊದಲು ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿ. ಏಳೆಂಟು ಮೊಳೆತರೆ ಧೈರ್ಯವಾಗಿ ಬಿತ್ತಿ.

ಬೀಜ ಎಲ್ಲಿ ಸಿಗುತ್ತದೆ ಎಂದು ಮುಂದೆ ಕೇಳುತ್ತೀರಿ. ಮೊದಲು ಊರ ಮುದುಕಿಯರ ಗಡಿಗೆ. ಆಮೇಲೆ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಧಾರವಾಡ ಕೃಷಿ ವಿಶ್ವವಿದ್ಯಾಲಯ. ಹೆಣ್ಣುಮಕ್ಕಳು ಸೇರಿ ಬೀಜ ಉಳಿಸಿದ ಎರಡು ಉದಾಹರಣೆ ದೂರವೇನಿಲ್ಲ. ಶಿರಸಿಯ ‘ವನಸ್ತ್ರೀ’ ಬಳಗ 2001ರಿಂದ ಮಲೆನಾಡಿನ ಹಿತ್ತಲಿನ ಬೀಜಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಬಂದಿದೆ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ ಸಿರಿಧಾನ್ಯ, ದೇಸಿ ಬೀಜಗಳನ್ನು ಮತ್ತೆ ಹೊಲಕ್ಕೆ ತಂದದ್ದಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆಯಿತು. ಅದೂ ನಮ್ಮಂಥದೇ ಒಣಬೇಸಾಯದ ಊರು.

ಕಬ್ಬಿನೊಳಗಿನ ಹಕ್ಕರಕಿ

ಪ್ರಶ್ನೆ: ನಮ್ಮತ್ತಿಗೆ ಹಕ್ಕರಕಿ, ಕಿರಕಸಾಲಿ ಇಲ್ಲದ ರೊಟ್ಟಿ ಇಳಿಯೂದುಲ್ಲ. ಕಬ್ಬಿನೊಳಗ ಕಳೆನಾಶಕ ಹೊಡದಾರ, ಅಲ್ಲಿದ್ದ ಕಿತಗೊಂಡು ಬರ್ತಾರ. ‘ಚಂದಾಗಿ ತೊಳದರ ಏನಾಗೂದುಲ್ಲ’ ಅಂತಾರ. ಖರೇನ?
— ಮುರಗೋಡ ಭಾಗದ ಓದುಗಿ

ಉತ್ತರ: ಖರೆ ಅಲ್ಲ. 2,4-ಡಿ, ಅಟ್ರಾಜಿನ್‌ನಂಥ ಕಳೆನಾಶಕವನ್ನು ಗಿಡವೇ ಹೀರಿಕೊಂಡು ಒಳಗೆಲ್ಲ ಹರಿಸುತ್ತದೆ, ತೊಳೆದರೆ ಹೋಗದು. ಡಬ್ಬಿಯ ಮೇಲೆ ಬರೆದ ದಿನಗಳ ಲೆಕ್ಕ ಬೆಳೆಗೆ ಸಂಬಂಧಿಸಿದ್ದು, ಕಳೆಗಲ್ಲ. ಸಿಂಪಡಿಸಿದ ಹೊಲದ್ದೂ ಬೇಡ, ಅದಕ್ಕೆ ಹತ್ತಿದ ಬದುವಿನದ್ದೂ ಬೇಡ. ಖಾಲಿ ಡಬ್ಬಿಯಲ್ಲಿ ಹಿತ್ತಲಿಗೆ ನೀರು ಹೊರುವುದಂತೂ ಬೇಡವೇ ಬೇಡ.

ಅತ್ತೆಯವರನ್ನು ಬಯ್ಯಬೇಡಿ. ಕಳೆಯಲ್ಲಿ ಪಲ್ಯೆ ಗುರುತಿಸುವ ಕಣ್ಣು ಆ ತಲೆಮಾರಿಗೇ ಮುಗಿಯುತ್ತಿದೆ. ಹೂ ಬಿಟ್ಟು ಬೀಜ ಕಟ್ಟಿದ ಹಕ್ಕರಕಿ, ಕಿರಕಸಾಲಿಯನ್ನು ಶುದ್ಧ ಜಾಗದಿಂದ ತಂದು ಹಿತ್ತಲಿನ ಒಂದು ಮಡಿಯಲ್ಲಿ ಉದುರಿಸಿ. ಹೊಲದಲ್ಲಿ ಕಳೆಯಾದದ್ದು ಮಡಿಯಲ್ಲಿ ಬೆಳೆಯಾಗಲಿ. ಮೊಮ್ಮಕ್ಕಳನ್ನು ಜೊತೆಗೆ ಕೂರಿಸಿ, ಯಾವುದು ತಿನ್ನುವುದು, ಯಾವುದು ಬಿಡುವುದು ಎಂದು ಅವರಿಂದ ಹೇಳಿಸಿ.

ತತ್ತಿ ತಿನ್ನದ ಮನಿ

ಪ್ರಶ್ನೆ: ಮಗ ಸಾಲ್ಯಾಗ ತತ್ತಿ ತಿಂತೀನಿ ಅಂತಾನ, ಅತ್ತಿ ಮನಿ ಮುಟ್ಟಸೂದುಲ್ಲ ಅಂತಾರ. ತತ್ತಿ ಇಲ್ಲಂದ್ರ ಹುಡುಗ ಬೆಳಿಯೂದುಲ್ಲೇನು?
— ಬೈಲಹೊಂಗಲ ತಾಲ್ಲೂಕಿನ ತಾಯಿ

ಉತ್ತರ: ಬೆಳೆಯುತ್ತಾನೆ, ಆದರೆ ಒಂದು ಶರತ್ತಿನ ಮೇಲೆ. ಬಿ-12 ಎಂಬ ಜೀವಸತ್ವ ಸೊಪ್ಪು-ಕಾಳಿನಲ್ಲಿ ಇಲ್ಲ. ತತ್ತಿ, ಮಾಂಸ, ಮೀನು, ಹಾಲಿನಲ್ಲಷ್ಟೇ ಇದೆ. ತತ್ತಿ ಬಿಟ್ಟ ಮನೆ ಹಾಲು, ಮೊಸರು ಬಿಡುವಂತಿಲ್ಲ. ದಿನಕ್ಕೆ 300 ಮಿಲಿಲೀಟರ್ ಎಂದು ಪೋಷಣಾ ಸಂಸ್ಥೆ ಹೇಳುತ್ತದೆ. ನಮ್ಮೂರುಗಳ ನಿಜವಾದ ಸಮಸ್ಯೆ ಇಲ್ಲಿದೆ: ಎರಡು ಎಮ್ಮೆ ಕರೆಯುವ ಮನೆಯಲ್ಲೂ ಹಾಲೆಲ್ಲ ಡೇರಿಗೆ ಹೋಗಿ, ಹುಡುಗನಿಗೆ ಉಳಿಯುವುದು ಚಹಾಕ್ಕೆ ಬಿಟ್ಟ ಎರಡು ಹನಿ. ಕ್ಯಾನಿಗೆ ಸುರಿಯುವ ಮೊದಲು ಮನೆಯ ತಂಬಿಗೆ ತುಂಬಿಸಿಕೊಳ್ಳಿ. ಸಾಲೆಯಲ್ಲಿ ತತ್ತಿ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಅದು ಒಳ್ಳೆಯದೇ, ಆದರೆ ತತ್ತಿಯ ಜಾಗ ತುಂಬುವುದಿಲ್ಲ ಎಂಬುದು ನೆನಪಿರಲಿ. ತಿನ್ನುವುದು, ಬಿಡುವುದು ನಿಮ್ಮ ಮನೆಯ ತೀರ್ಮಾನ. ಹುಡುಗನ ಮೇಲೆ ಮಾತ್ರ ಅದನ್ನು ಜಗಳವಾಗಿ ಹೊರಿಸಬೇಡಿ.

ಚರಗದ ಬುತ್ತಿ

ಪ್ರಶ್ನೆ: ಎಳ್ಳಮಾಸಿಗೆ ಚರಗಾ ಚೆಲ್ಲಾಕ ಹೊಲಕ್ಕ ಹೋಗಿದ್ವಿ. ಬುತ್ತ್ಯಾಗ ಸಜ್ಜಿ ರೊಟ್ಟಿ, ಕಡಬು, ಪುಂಡಿಪಲ್ಯೆ, ಬದನಿಕಾಯಿ ಎಣ್ಣಿಗಾಯಿ, ಮಡಿಕಿ ಕಾಳು, ಶೇಂಗಾ ಹೋಳಿಗಿ. ಉಣ್ಣುವಾಗ ನನ್ನ ಎಂಟು ವರ್ಷದ ಮಗಳು ‘ಅಪ್ಪಾ, ಇದರಾಗ ನಮ್ಮ ಹೊಲದ್ದು ಯಾವುದು?’ ಅಂದಳು. ಸುತ್ತ ಕಬ್ಬು ನಿಂತಿತ್ತು. ಬುತ್ತ್ಯಾಗ ಒಂದೂ ನಮ್ಮದಲ್ಲ. ಎಲ್ಲಾ ಪ್ಯಾಟಿದು. ಕಬ್ಬು ಬಿಡಾಕ ಆಗೂದುಲ್ಲ, ಸಾಲ ಐತಿ. ಏನು ಮಾಡ್ಲಿ?
— ಸವದತ್ತಿ ಕಡೆಯ ಯುವ ರೈತ

ಉತ್ತರ: ತಮ್ಮಾ, ಸಾಲ ಇಟ್ಟುಕೊಂಡು ಕಬ್ಬು ಬಿಡು ಎಂದು ನಾನೂ ಹೇಳಲಾರೆ. ಎಕರೆಗೆ ನಲವತ್ತು ಗುಂಟೆ. ಮೂವತ್ತೊಂಬತ್ತು ಸಾಲಕ್ಕಿರಲಿ, ಒಂದನ್ನು ತಾಟಿಗೆ ಕೊಡಿ. ಆ ಗುಂಟೆ ಬಾವಿಯ ಹತ್ತಿರ, ಹೋಗಿಬರುವ ದಾರಿಗೆ ಇರಲಿ. ಮೂಲೆಗೆ ಸರಿಸಿದ ಮಡಿಗೆ ಯಾರೂ ಹೋಗುವುದಿಲ್ಲ. ಅಲ್ಲಿಗೆ ಕಳೆನಾಶಕದ ಪಂಪು ತರಬೇಡಿ, ಅದು ಮೊದಲು ಕೊಲ್ಲುವುದು ಕಾಳಿನ ಗಿಡವನ್ನೇ. ಹೊಸ ಕಬ್ಬು ನೆಟ್ಟ ವರ್ಷ ಮೊದಲ ಎರಡು-ಮೂರು ತಿಂಗಳು ಸಾಲಿನ ನಡುವೆ ಬಿಸಿಲು ಇರುತ್ತದೆ. ಹೆಸರು, ಅಲಸಂದಿ, ಉಳ್ಳಾಗಡ್ಡಿ ಅಷ್ಟರಲ್ಲಿ ಬಂದು ಹೋಗುತ್ತವೆ. ಕಾಳಿನ ಬೇರು ಕಬ್ಬಿಗೂ ಸಾರಜನಕ ಬಿಟ್ಟು ಹೋಗುತ್ತದೆ. ಹೇನು ಬಿದ್ದರೆ ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಸೋಸಿ, ಚಿಟಿಕೆ ಸೋಪು ಕಲಸಿ ಸಂಜೆ ಹೊಡೆಯಿರಿ.

ಚರಗವೆಂದರೆ ಭೂತಾಯಿ ಕೊಟ್ಟದ್ದರಲ್ಲಿ ಒಂದು ತುತ್ತು ಅವಳಿಗೇ ಮರಳಿಸುವುದು. ಪೇಟೆಯಿಂದ ತಂದದ್ದನ್ನು ಚೆಲ್ಲಿದರೂ ಅವಳು ಬೇಡ ಅನ್ನಲಿಕ್ಕಿಲ್ಲ. ಆದರೆ ನಿಮ್ಮ ಮಗಳು ಎಣಿಸುತ್ತಾಳೆ, ಮುಂದಿನ ಎಳ್ಳಮಾಸಿಗೂ ಕೇಳುತ್ತಾಳೆ. ಆರರಲ್ಲಿ ಮೂರಾದರೂ ನಿಮ್ಮದಿರಲಿ. ಸಜ್ಜೆ, ಮಡಿಕೆ, ಪುಂಡಿಯ ಬೀಜ ಮುಂಗಾರಿಗೇ ಮಣ್ಣು ಸೇರಬೇಕು, ಬದನೆಯ ಸಸಿ ಸೆಪ್ಟೆಂಬರಿಗೆ. ಡಿಸೆಂಬರಿನಲ್ಲಿ ಬುತ್ತಿ ಕಟ್ಟುವಾಗ ನೆನಪಾದರೆ ಮತ್ತೆ ಪೇಟೆಯೇ ಗತಿ.